ನಾಟಕ ನೋಡಿ ಕೆಟ್ಟವರಾರು?

ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಎರಡು ದನಿಗಳು ಒಟ್ಟಿಗೆ ಏಳುತ್ತವೆ. ಒಂದು ಹಾರ್ಮೋನಿಯಂ ಪೆಟ್ಟಿಗೆಯ ದನಿ. ಇನ್ನೊಂದು ನೀತಿಬೋಧಕರ ದನಿ. ಮೊದಲನೆಯದು ರಾತ್ರಿ ಊಟವಾದ ಮೇಲೆ ರಾಮಮಂದಿರದ ಜಗುಲಿಯಿಂದಲೋ ಶಾಲೆಯ ಅಂಗಳದಿಂದಲೋ ಕೇಳಿಬರುತ್ತದೆ. ಎರಡನೆಯದು ಹಾಡುಹಗಲಲ್ಲಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು ಹೊರಡುತ್ತದೆ.

"ನಾಟಕದ ಹುಚ್ಚು ಹತ್ತಿ ಹುಡುಗರು ಕೆಟ್ಟರು, ದುಡಿದ ದುಡ್ಡೆಲ್ಲ ಬಣ್ಣಕ್ಕೂ ಸೀನರಿಗೂ ಹೋಯಿತು, ಊರಿಗೆ ನಟಿಯರನ್ನು ಕರೆಸಿ ಮಾನ ಕಳೆದರು, ಸಿನಿಮಾ ಬಂದು ಅರ್ಧ ಕೆಡಿಸಿತು, ಮೊಬೈಲು ಬಂದು ಉಳಿದರ್ಧ ಕೆಡಿಸಿತು." ಆ ಭಾಷಣಗಳ ಸಾರಾಂಶ ಇಷ್ಟೇ. ಇದನ್ನು ಹೇಳುವವರು ಯಾರೆಂದು ನೋಡಿದರೆ, ಕಲ್ಯಾಣಮಂಟಪ ಕಟ್ಟಿಸಿದವರು, ಬಡ್ಡಿಗೆ ಕೊಟ್ಟವರು, ಚುನಾವಣೆಯ ಹಿಂದಿನ ರಾತ್ರಿ ಬಾಟಲಿ ಹಂಚಿಸಿದವರು. ಬಡವನ ಮನರಂಜನೆಯೊಂದನ್ನು ಬಿಟ್ಟು ಬೇರೆಲ್ಲೂ ಇವರ ಕಣ್ಣಿಗೆ ಅನೀತಿ ಕಾಣಿಸುವುದಿಲ್ಲ. ಈ ಮಹನೀಯರಿಗೆ ಒಂದು ಉತ್ತರ ಸಲ್ಲಬೇಕಾಗಿದೆ. ಉತ್ತರದ ಜೊತೆಗೆ, ನಾಟಕ ನೋಡಿ ಕಣ್ಣೀರು ಹಾಕುವ ನಮ್ಮ ಓದುಗ ಬಂಧುಗಳಿಗೂ ಒಂದೆರಡು ಪ್ರಶ್ನೆಗಳಿವೆ. ಅವನ್ನು ಮುಂದೆ ಕೇಳುತ್ತೇವೆ, ಸಿಟ್ಟಾಗಬಾರದು.

ಮೊದಲೇ ಹೇಳಿಬಿಡುತ್ತೇವೆ, ನಮಗೆ ಪೌರಾಣಿಕ ನಾಟಕವೆಂದರೆ ಪ್ರಾಣ. ಅದರಲ್ಲೂ 'ಕುರುಕ್ಷೇತ್ರ'ವೆಂದರೆ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನ ಕೋಳಿ ಕೂಗುವವರೆಗೆ ಕೂರುವ ಜಾತಿ ನಮ್ಮದು. ಹಗಲು ಕಾರ್ಖಾನೆಯಲ್ಲಿ ಕಬ್ಬಿನ ಲಾರಿ ತೂಗಿದವನು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು, ಸಂತೆಯಲ್ಲಿ ಈರುಳ್ಳಿ ಮಾರಿದವನು, ರಾತ್ರಿ ಕಿರೀಟ ಇಟ್ಟು ಗದೆ ಹಿಡಿದು ಸಿಂಹಾಸನದ ಮೇಲೆ ಕೂತು, ಎದೆಯುಬ್ಬಿಸಿ ಕಂದಪದ್ಯ ಎತ್ತಿದನೆಂದರೆ ಅದನ್ನು ಕೇಳಲು ಎರಡು ಕಿವಿ ಸಾಲವು. ಎರಡು ಮೂರು ತಿಂಗಳು ತಾಲೀಮು. ಓದು ಬಾರದವನೂ ಮೇಷ್ಟ್ರು ಹೇಳಿಕೊಟ್ಟಂತೆ ಮಾತು ಮಾತನ್ನೂ ಬಾಯಿಪಾಠ ಮಾಡುತ್ತಾನೆ. ರಾಗ ತಪ್ಪಿದರೆ ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಿ ಬೈಯುತ್ತಾರೆ. ಜಮೀನಿದ್ದವನಾದರೂ ಬೈಸಿಕೊಳ್ಳುತ್ತಾನೆ, ಕೂಲಿಯವನಾದರೂ ಬೈಸಿಕೊಳ್ಳುತ್ತಾನೆ. ಊರಿನಲ್ಲಿ ಈ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಬ್ಬನಿಂದಲೇ ಬೈಸಿಕೊಳ್ಳುವ ಜಾಗ ಇನ್ನೊಂದಿದ್ದರೆ ತೋರಿಸಿ.

ಈ ಕಲೆ ಮೇಲಿನಿಂದ ಇಳಿದುಬಂದದ್ದೆಂಬುದು ನಿಜ. ಮೈಸೂರಿನ ಅರಮನೆಯ ಆಸರೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿದ ನಾಟಕ ಕಂಪನಿ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಆಮೇಲಿನ ಹತ್ತಾರು ಕಂಪನಿಗಳು ಊರೂರು ತಿರುಗಿ ನಮಗೆ ಈ ರುಚಿ ಹತ್ತಿಸಿದವು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಥೆಯನ್ನು ಮುದುಕರು ಈಗಲೂ ಹೇಳುತ್ತಾರೆ. ಟಾಕೀಸು ಬಂತು, ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಟೂರಿಂಗ್ ಟಾಕೀಸಿನ ಡೇರೆಯೂ ಹೋಯಿತು. ಪಟ್ಟಣದ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಆದರೆ ಹಳ್ಳಿಯವನು ಮಾತ್ರ ನಾಟಕವನ್ನು ಬಿಡಲಿಲ್ಲ. ಕಂಪನಿ ಹೋದ ಮೇಲೆ ತಾನೇ ಬಣ್ಣ ಹಚ್ಚಿಕೊಂಡ. ಸರ್ಕಾರ ಕೊಟ್ಟ ದುಡ್ಡಿನಿಂದ ಅಲ್ಲ, ತನ್ನ ಜೇಬಿನಿಂದ.

ಈ ಜೇಬಿನ ಮಾತೇ ನೀತಿವಂತರ ಮೊದಲನೆಯ ಬಾಣ. ದುಂದುವೆಚ್ಚವೆನ್ನುತ್ತಾರೆ. ಖರ್ಚು ಸಣ್ಣದಲ್ಲವೆಂಬುದನ್ನು ನಾವೂ ಬಲ್ಲೆವು. ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಉಡುಪು, ಬಣ್ಣ, ತಬಲದವರು, ನಟಿಯರ ಸಂಭಾವನೆ, ಶಾಮಿಯಾನ, ದೀಪ, ಮೈಕು. ಆದರೆ ಆ ದುಡ್ಡು ಹೋಗುವುದೆಲ್ಲಿಗೆ? ಸೀನರಿಯವನ ಮನೆಗೆ, ಬಣ್ಣ ಹಚ್ಚುವವನ ಮನೆಗೆ, ಟೀ ಕಾಸುವವನ, ಬೋಂಡ ಕರಿಯುವವನ, ಕಡ್ಲೆಪುರಿ ಬಲೂನು ಮಾರುವವನ ಮನೆಗೆ. ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಂದಾ ಕೊಡುವಾಗ ಗೊಣಗಿದವನೂ ನಾಟಕದ ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿರುವುದಿಲ್ಲ. ಈ ಹಣ ತಾಲ್ಲೂಕು ದಾಟುವುದೇ ಅಪರೂಪ. ಸಾರಾಯಿಯನ್ನು ನೀತಿಯ ಹೆಸರಿನಲ್ಲಿ 2007ರಲ್ಲಿ ನಿಲ್ಲಿಸಿದ ಸರ್ಕಾರದ ಬೊಕ್ಕಸದಲ್ಲಿ ಅಬಕಾರಿ ವರಮಾನದ ಗುರಿ ಬಜೆಟ್ಟಿನಿಂದ ಬಜೆಟ್ಟಿಗೆ ಏರುತ್ತಲೇ ಬಂದಿದೆಯಷ್ಟೆ. ಅದು ಯಾರ ದುಡ್ಡು, ಎಲ್ಲಿಗೆ ಹೋಗುತ್ತಿದೆ ಎಂದು ಈ ಮಹನೀಯರು ಮೈಕಿನ ಮುಂದೆ ಎಂದಾದರೂ ಲೆಕ್ಕ ಹಾಕಿದ್ದುಂಟೆ?

ಅದಂತಿರಲಿ. ಪಾತ್ರ ಹಂಚುವ ದಿನದ ವಿಷಯಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಪಾತ್ರಕ್ಕೆ ದುಡ್ಡು ಕೊಟ್ಟು ಪಾತ್ರ ಪಡೆಯುವ ರೂಢಿಯಿದೆ. ಹೊರಗಿನವರು ಕೇಳಿದರೆ ನಗುತ್ತಾರೆ. ಲೋಕದಲ್ಲೆಲ್ಲ ನಟನಿಗೆ ಸಂಬಳ ಕೊಟ್ಟರೆ ಇಲ್ಲಿ ನಟನೇ ದುಡ್ಡು ಕೊಡುತ್ತಾನೆ. ಇದರಲ್ಲಿ ತಮಾಷೆಯ ಸಂಗತಿ ಒಂದಿದೆ. ಧರ್ಮರಾಯನಿಗೆ ಬೇಡಿಕೆ ಕಡಮೆ. ದುರ್ಯೋಧನನಿಗೆ ನೂಕುನುಗ್ಗಲು. ಆಮೇಲೆ ಕೃಷ್ಣ, ಕರ್ಣ, ಭೀಮ. ಶಕುನಿಗೂ ಗಿರಾಕಿಗಳುಂಟು, ಏಕೆಂದರೆ ಚಪ್ಪಾಳೆ ಬೀಳುವ ಮಾತು ಅವನ ಪಾಲಿಗೆ ಜಾಸ್ತಿ. ಸತ್ಯವಂತ ಧರ್ಮರಾಯನನ್ನು ಬೇಡುವವರಿಲ್ಲವೆಂದರೆ ಜನರ ನೀತಿ ಕೆಟ್ಟಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಬೋಧಕರು ಕೇಳಬಹುದು.

ನಾವು ಹಾಗೆ ತಿಳಿಯುವುದಿಲ್ಲ. ಕನ್ನಡಿಗರು ದುರ್ಯೋಧನನನ್ನೂ ಕರ್ಣನನ್ನೂ ಪ್ರೀತಿಸಿದ್ದು ನಿನ್ನೆ ಮೊನ್ನೆಯಲ್ಲ. ಪಂಪ ಹತ್ತನೆಯ ಶತಮಾನದಲ್ಲಿಯೇ ಕರ್ಣನನ್ನು ಎತ್ತಿ ಹಿಡಿದ. ಅದೇ ಶತಮಾನದ ರನ್ನ ಸೋಲುವ ದುರ್ಯೋಧನನಿಗೆ ಗೆಲ್ಲುವ ಭೀಮನಿಗಿಂತ ಹೆಚ್ಚಿನ ಘನತೆ ಕೊಟ್ಟ. ಅವರಿಬ್ಬರನ್ನೂ ಯಾರೂ ನೀತಿಗೆಟ್ಟವರೆಂದದ್ದಿಲ್ಲ. ವರ್ಷವಿಡೀ ಮೇಸ್ತ್ರಿಯ ಮುಂದೆ, ಸಾಲಗಾರನ ಮುಂದೆ, ಆಫೀಸಿನ ಕಿಟಕಿಯ ಮುಂದೆ ಕೈಕಟ್ಟಿ ನಿಂತವನು ಒಂದು ರಾತ್ರಿ ಯಾರಿಗೂ ತಲೆಬಾಗದ ಅರಸನಾಗಬೇಕೆಂದು ಬಯಸಿದರೆ ಅದು ದುರಹಂಕಾರವೇನು? ಬೆಳಗಾದರೆ ಅವನು ಬಣ್ಣ ಒರೆಸಿ ಪಾಳಿಗೆ ಹೋಗುತ್ತಾನೆ. ದುರ್ಯೋಧನನ ಪಾತ್ರ ಮಾಡಿದ್ದರಿಂದ ದಾಯಾದಿಯ ಜಮೀನು ನುಂಗಿದವನ ಕಥೆಯನ್ನು ನಾವು ಕೇಳಿಲ್ಲ. ದಾಯಾದಿಯ ಜಮೀನು ನುಂಗಿದವರು ಸಾಮಾನ್ಯವಾಗಿ ನಾಟಕದ ಅಧ್ಯಕ್ಷತೆ ವಹಿಸುತ್ತಾರೆ.

ಆದರೆ ಪಾತ್ರ ದುಡ್ಡಿಗೆ ಸಿಕ್ಕುವ ರೂಢಿಯನ್ನು ನಾವು ಒಪ್ಪುವವರಲ್ಲ. ದುಡ್ಡಿದ್ದವನಿಗೆ ಕಂಠವಿಲ್ಲ, ಕಂಠವಿದ್ದವನಿಗೆ ದುಡ್ಡಿಲ್ಲ. ರಾಗವಾಗಿ ಹಾಡಬಲ್ಲ ಕೂಲಿಯವನ ಮಗ ಬಾಗಿಲು ಕಾಯುವ ದೂತನಾಗಿ ನಿಲ್ಲುತ್ತಾನೆ; ಕಾಗೆಯ ಕಂಠದ ಕಂಟ್ರಾಕ್ಟರು ಕೃಷ್ಣನಾಗಿ ಕೊಳಲು ಹಿಡಿಯುತ್ತಾನೆ. ಫ್ಲೆಕ್ಸಿನ ಮೇಲೆ ದೊಡ್ಡ ಫೋಟೋ ಅವನದೇ. ಇಲ್ಲಿಗೆ ನಮ್ಮ ಮೊದಲನೆಯ ಪ್ರಶ್ನೆ. ಕರ್ಣನ ಕಥೆ ನೋಡಿ ಅಳುವ ಊರು ಕರ್ಣರನ್ನು ಹೇಗೆ ನಡೆಸಿಕೊಳ್ಳುತ್ತದೆ?

ಶಸ್ತ್ರಪರೀಕ್ಷೆಯ ರಂಗದಲ್ಲಿ ಕರ್ಣ ನಿಂತಾಗ ಕೃಪಾಚಾರ್ಯ ಕೇಳಿದ್ದು ಏನು? ಬಿಲ್ಲು ಹಿಡಿಯಲು ಬರುತ್ತದೆಯೇ ಎಂದಲ್ಲ, ಕುಲವಾವುದೆಂದು. ಆ ಮಾತಿಗೆ ನೆರೆದ ಜನ ಹಲ್ಲು ಕಡಿಯುತ್ತಾರೆ. ಕುಲವೆಂಬುದು ಏನೆಂದು ಕರ್ಣ ತಿರುಗಿ ಕೇಳಿದಾಗ ಶಿಳ್ಳೆ, ಚಪ್ಪಾಳೆ, ಒನ್ಸ್ ಮೋರ್. ಒಳ್ಳೆಯದು. ಮಾರನೆಯ ದಿನ ಅದೇ ಜನ ಹೋಟೆಲಿಗೆ ಬರುತ್ತಾರೆ. ಹೋಟೆಲಿನ ಯಜಮಾನರೇ, ನಿಮ್ಮನ್ನೇ ಕೇಳುತ್ತಿದ್ದೇವೆ: ನಿಮ್ಮಲ್ಲಿ ಎಲ್ಲರಿಗೂ ಒಂದೇ ಲೋಟವೋ, ಕೆಲವರಿಗೆ ಪೇಪರ್ ಲೋಟವೋ? ಕ್ಷೌರದಂಗಡಿಯ ಬಂಧುಗಳೇ, ನಿಮ್ಮ ಕುರ್ಚಿಯ ಮೇಲೆ ಕೂರುವವನಿಗೆ ಕೃಪಾಚಾರ್ಯನ ಪ್ರಶ್ನೆ ಕೇಳುವುದುಂಟೋ ಇಲ್ಲವೋ? ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಕಾನೂನು ಬಂದದ್ದು 1955ರಲ್ಲಿ. ಕೇರಿಯವರು ತಮ್ಮದೇ ತಂಡ ಕಟ್ಟಿ ನಾಟಕ ಕಲಿತು ಆಡುವುದೂ ಉಂಟು, ಚೆನ್ನಾಗಿಯೂ ಆಡುತ್ತಾರೆ. ಆದರೆ ಊರಿನ ತಂಡದಲ್ಲಿ ಕೇರಿಯ ಹುಡುಗನಿಗೆ ಕರ್ಣನ ಪಾತ್ರ ಕೊಟ್ಟು, ದುರ್ಯೋಧನನ ಪಾತ್ರದ ಗೌಡರ ಮಗ ಅವನನ್ನು ತಬ್ಬಿಕೊಂಡು ಅಂಗರಾಜ್ಯ ಕಟ್ಟುವ ದೃಶ್ಯವನ್ನು ಎಷ್ಟು ಊರುಗಳಲ್ಲಿ ನೋಡಿದ್ದೀರಿ? ಬಣ್ಣ ಹಚ್ಚಿಕೊಂಡೂ ತಬ್ಬಲಾರದವರು ಬಣ್ಣ ತೊಳೆದ ಮೇಲೆ ತಬ್ಬುವರೆ?

ಇನ್ನು ಜೂಜಿನ ವಿಷಯ. 'ಕುರುಕ್ಷೇತ್ರ'ದ ಕಥೆಯ ಬೇರು ಇರುವುದೇ ದಾಳದಲ್ಲಿ. ನಮ್ಮ ಕಡೆ ಜಾತ್ರೆಯಲ್ಲಿ, ಹಬ್ಬದ ರಾತ್ರಿಯಲ್ಲಿ ಆಲದ ಮರದ ಕೆಳಗೆ ಇಸ್ಪೀಟು ಹಾಕಿದ ಹತ್ತು ಜನರನ್ನು ಪೊಲೀಸರು ಹಿಡಿದು, ಅವರ ಮುಂದೆ ನಾಲ್ಕು ಸಾವಿರ ರೂಪಾಯಿ ಹರವಿ ಫೋಟೋ ತೆಗೆಸುವುದನ್ನು ನೀವು ಪತ್ರಿಕೆಗಳಲ್ಲಿ ನೋಡಿರುವಿರಿ. ಅದು ಅಪರಾಧವೇ, ನಾವು ಅದನ್ನು ಹೊಗಳುವವರಲ್ಲ. ಆದರೆ ಕುದುರೆಯ ಬಾಲಕ್ಕೆ ದುಡ್ಡು ಕಟ್ಟಿದರೆ? 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವು ಅದೃಷ್ಟದ ಆಟವಲ್ಲ, ಚಾತುರ್ಯದ ಆಟವೆಂದು ತೀರ್ಪು ಕೊಟ್ಟಿತು. ನ್ಯಾಯಾಲಯದ ಮಾತಿಗೆ ನಮ್ಮ ಗೌರವವಿದೆ. ಶಕುನಿಯ ದಾಳವೂ ಚಾತುರ್ಯದ್ದೇ ಎಂಬುದನ್ನು ಮಾತ್ರ ನೆನಪಿಸುತ್ತೇವೆ.

ಮೊಬೈಲಿನೊಳಗಿನ ರಮ್ಮಿಯೂ ಇದೇ ಚಾತುರ್ಯದ ಹೆಸರಿನಲ್ಲಿ ಮನೆಮನೆಗೆ ಬಂತು. 2021ರಲ್ಲಿ ನಮ್ಮ ರಾಜ್ಯ ಅದನ್ನು ತಡೆಯಲು ಕಾನೂನು ಮಾಡಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನ ಮಾಡಿತು. ಈ ಮಧ್ಯದ ಮೂರುವರೆ ವರ್ಷ ಸಿನಿಮಾ ತಾರೆಯರೂ ಕ್ರಿಕೆಟ್ ವೀರರೂ ನಗುನಗುತ್ತ ಆ ದಾಳದ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಪಾಳಿ ಮುಗಿಸಿದ ಹುಡುಗರು ಸಂಬಳದ ದಿನವೇ ಸಂಬಳ ಕಳೆದುಕೊಂಡರು. ಆಗ ಯಾವ ಬೋಧಕರೂ ಶಾಲು ಹೊದ್ದು ಮೈಕು ಹಿಡಿಯಲಿಲ್ಲ. ಹುಡುಗನನ್ನು ಕೆಡಿಸಿದ್ದು ರಾತ್ರಿ ಹನ್ನೆರಡರ ತನಕ ಶಕುನಿಯ ಮಾತು ಬಾಯಿಪಾಠ ಮಾಡಿದ ತಾಲೀಮೋ, ಹಾಸಿಗೆಯಲ್ಲಿ ಮುಸುಕೆಳೆದುಕೊಂಡು ಒತ್ತಿದ ಆ ಗುಂಡಿಯೋ? ನಮ್ಮ ಬಲವಾದ ನಂಬಿಕೆಯೇನೆಂದರೆ, ಶಕುನಿಯ ಪಾತ್ರ ಮಾಡಿದವನು ದಾಳದ ಮೋಸವನ್ನು ಇನ್ನೊಬ್ಬನಿಗಿಂತ ಬೇಗ ಗುರುತಿಸುತ್ತಾನೆ.

ಜೂಜಿನ ನಿಜವಾದ ಪಾಪವೆಂದರೆ ತನ್ನದಲ್ಲದ್ದನ್ನು ಪಣಕ್ಕಿಡುವುದು. ಧರ್ಮರಾಯ ಕಳೆದದ್ದು ತನ್ನೊಬ್ಬನ ಗಂಟಲ್ಲ. ತಮ್ಮಂದಿರ ಬೆವರು, ಪ್ರಜೆಗಳ ನೆಲ, ಹೆಂಡತಿಯ ಮಾನ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಬೆಳೆಗಾರರ ಷೇರು ಹಣದಿಂದ ಎದ್ದದ್ದು. ಅದು ಸಾಲದಲ್ಲಿ ಮುಳುಗಿ, ವರ್ಷಗಟ್ಟಲೆ ಚಿಮಣಿ ಹೊಗೆಯಾಡದೆ ನಿಂತು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ಗುತ್ತಿಗೆ ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಹೂಡುವುದಿಲ್ಲ. ಅದಕ್ಕೆ ಬೇರೆ ಲೇಖನವೇ ಬೇಕು. ಆ ಸಾಲ ಬೆಳೆದ ವರ್ಷಗಳಲ್ಲಿ ದಾಳ ಹಾಕುತ್ತಿದ್ದವರು ಯಾರು, ಪಣದಲ್ಲಿದ್ದದ್ದು ಯಾರ ಗಂಟು ಎಂಬುದನ್ನು ಮಾತ್ರ ನಾಟಕ ನೋಡುವಾಗ ನೆನೆದುಕೊಳ್ಳಿ.

ಈಗ ದ್ರೌಪದಿಯ ವಿಷಯ. ಇದೇ ನಮ್ಮ ಲೇಖನದ ಮುಖ್ಯ ವಿಷಯವೆಂದು ತಿಳಿಯಿರಿ. ಸಭೆಗೆ ಎಳೆದು ತಂದಾಗ ಆಕೆ ಅತ್ತದ್ದನ್ನು ಎಲ್ಲರೂ ಬಲ್ಲರು. ಕೇಳಿದ್ದನ್ನು ನೆನಪಿಟ್ಟವರು ಕಡಮೆ. ಆಕೆ ಕೇಳಿದ್ದು ಒಂದು ಕಾನೂನಿನ ಪ್ರಶ್ನೆ: ನನ್ನ ಗಂಡ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತಾನೇ ದಾಸನಾದವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು? ತುಂಬಿದ ಸಭೆಯಲ್ಲಿ ಇದಕ್ಕೆ ಉತ್ತರ ಬರಲಿಲ್ಲ. ಭೀಷ್ಮರಂಥ ಹಿರಿಯರು ಧರ್ಮ ಬಹಳ ಸೂಕ್ಷ್ಮವೆಂದು ಜಾರಿಕೊಂಡರು. ಮೈಕಿನ ಮುಂದಿನ ನಮ್ಮ ಹಿರಿಯರಿಗೂ, ಬಡ ಹೆಣ್ಣಿನ ವಿಷಯ ಬಂದಾಗಲೆಲ್ಲ ಧರ್ಮ ಹೀಗೆಯೇ ಸೂಕ್ಷ್ಮವಾಗಿಬಿಡುತ್ತದೆ. ಆ ಸಭೆಯಲ್ಲಿ ಎದ್ದು ನಿಂತು, ಇದು ಅನ್ಯಾಯವೆಂದು ಬಾಯಿಬಿಟ್ಟು ಹೇಳಿದವನು ದುರ್ಯೋಧನನ ತಮ್ಮ ವಿಕರ್ಣ. ನಮ್ಮ ನಾಟಕಗಳಲ್ಲಿ ವಿಕರ್ಣನಿಗೆ ಒಂದು ಹಾಡಿಲ್ಲ, ಕಿರೀಟವಿಲ್ಲ. ಎಷ್ಟೋ ಕಡೆ ಅವನು ರಂಗದ ಮೇಲೆ ಬರುವುದೇ ಇಲ್ಲ. ಆ ಪಾತ್ರಕ್ಕೆ ದುಡ್ಡು ಕೊಡಲು ಮುಂದೆ ಬಂದವನನ್ನು ನಾವು ಇನ್ನೂ ಕಂಡಿಲ್ಲ.

ದ್ರೌಪದಿಯ ಪಾತ್ರ ಮಾಡುವವಳು ಯಾರು? ಊರಿನ ಹೆಣ್ಣುಮಕ್ಕಳಲ್ಲ. ಮೈಸೂರಿನಿಂದಲೋ ಮಂಡ್ಯದಿಂದಲೋ ತುಮಕೂರಿನಿಂದಲೋ ಸಂಭಾವನೆಗೆ ಬರುವ ಕಲಾವಿದೆ. ನಿನ್ನೆ ನಾಗಮಂಗಲದ ಹಳ್ಳಿಯಲ್ಲಿ ಕುಂತಿ, ಈ ರಾತ್ರಿ ಕೃಷ್ಣರಾಜಪೇಟೆಯ ಹಳ್ಳಿಯಲ್ಲಿ ದ್ರೌಪದಿ, ನಾಳೆ ಇನ್ನೊಂದು ಊರಿನಲ್ಲಿ ಅಭಿಮನ್ಯುವಿನ ಹೆಣದ ಮುಂದೆ ಉತ್ತರೆ. ಊರಿನ ಗಂಡಸರು ಮೂರು ತಿಂಗಳು ಕಲಿತದ್ದನ್ನು ಆಕೆ ತಾಲೀಮಿಲ್ಲದೆ ಬಂದು ಸರಿದೂಗಿಸುತ್ತಾಳೆ. ದುರ್ಯೋಧನ ಮಾತು ಮರೆತರೆ ಮೆಲ್ಲಗೆ ನೆನಪಿಸುವವಳು ಅವಳೇ. ಬೆಳಗಿನ ಜಾವ ಬಣ್ಣ ಒರೆಸಿ, ಮಗುವಿನ ಶಾಲೆಯ ಹೊತ್ತಿಗೆ ಮನೆ ಮುಟ್ಟಬೇಕೆಂದು ಮೊದಲ ಬಸ್ಸಿಗೆ ಕಾದು ನಿಲ್ಲುತ್ತಾಳೆ. ಈಕೆಯನ್ನು ಕುರಿತು ಊರಿನ ಕಟ್ಟೆಯ ಮೇಲೆ ಆಡುವ ಮಾತನ್ನು ಇಲ್ಲಿ ಅಚ್ಚು ಹಾಕಲಾರೆವು. ರಾತ್ರಿ ಅವಳ ಕಾಲಿಗೆ ಬಿದ್ದು 'ತಾಯಿ' ಎಂದವನು ಬೆಳಿಗ್ಗೆ ಅವಳ ನಡತೆಯ ತೀರ್ಪುಗಾರನಾಗುತ್ತಾನೆ. ಊರ ಮಾನ ಹೋಯಿತೆಂದು ಬೋಧಕರು ಹೇಳುತ್ತಾರಲ್ಲ, ಮಾನ ಹೋಗುವುದು ಆಕೆ ಊರಿಗೆ ಬಂದಾಗಲ್ಲ, ಕಟ್ಟೆಯ ಮೇಲಿನವರು ಬಾಯಿಬಿಟ್ಟಾಗ.

ಇದು ಹಳೆಯ ರೋಗ. ಹಿಂದೆ ಸ್ತ್ರೀಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ಹೆಣ್ಣು ರಂಗವೇರಿದರೆ ಕುಲ ಕೆಟ್ಟಿತೆನ್ನುತ್ತಿದ್ದರು. ಆ ಬಾಗಿಲನ್ನು ಒಡೆದವರು ಕಲಾವಿದೆಯರೇ. 1958ರಲ್ಲಿ ಮೈಸೂರಿನ ಆರ್. ನಾಗರತ್ನಮ್ಮನವರು ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣ, ಭೀಮ ಮೊದಲಾದ ಪಾತ್ರಗಳನ್ನು ತಾವೇ ಹಾಕಿ ಗಂಡಸರನ್ನು ನಾಚಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ 1964ರಲ್ಲಿ ಬಿ.ಆರ್. ಪಂತುಲು ಅವರ 'ಚಿನ್ನದ ಗೊಂಬೆ'ಯಲ್ಲಿ ನಟಿಸಿ, ಕೊನೆಗೆ ಪಕ್ಕದ ರಾಜ್ಯದ ಮುಖ್ಯಮಂತ್ರಿಯಾದರು. ಅವರ ರಾಜಕೀಯಕ್ಕೂ ನಮಗೂ ದೂರ. ಕಾವೇರಿ ನೀರಿನ ಜಗಳದಲ್ಲಿ ನಮ್ಮವರು ಅವರನ್ನು ಬೈದಷ್ಟು ಇನ್ನಾರನ್ನೂ ಬೈದಿಲ್ಲ. ಆದರೂ 'ಆಯಮ್ಮ ನಮ್ಮ ಪಾಂಡವಪುರ ತಾಲ್ಲೂಕಿನವಳು' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಬಾಯಿಯೇ ಹಳ್ಳಿಗೆ ಬಂದ ನಟಿಯನ್ನು ಹೀಯಾಳಿಸುತ್ತದೆ. ಕುರ್ಚಿ ಸಿಕ್ಕಿದ ನಟಿ ಅಮ್ಮ, ಬಸ್ಸಿಗೆ ಕಾದು ನಿಂತವಳು ಕೆಟ್ಟವಳು!

ಅನೀತಿಯೆಂದು ತೀರ್ಪು ಕೊಡುವ ಅಧಿಕಾರ ಸರ್ಕಾರದ ಕೈಗೆ ಹೋದರೆ ಏನಾಗುತ್ತದೆಂಬುದಕ್ಕೂ ಕನ್ನಡದಲ್ಲಿ ಒಂದು ಉದಾಹರಣೆಯಿದೆ. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ 'ಸಂಸ್ಕಾರ' ಚಿತ್ರ ತೆಗೆದರು. ಮದರಾಸಿನ ಸೆನ್ಸಾರಿನವರು ಅದನ್ನು ತಡೆಹಿಡಿದರು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿಯವರ ಸ್ವರ್ಣಕಮಲ ಬಂತು. ಅದರಲ್ಲಿ ಅಗ್ರಹಾರದ ಪಂಡಿತರೆಲ್ಲ ಹೆಣವನ್ನು ಮುಂದಿಟ್ಟುಕೊಂಡು ಧರ್ಮಶಾಸ್ತ್ರ ತಿರುವಿಹಾಕುತ್ತ ಕೂತಾಗ, ಮೈಮೇಲಿನ ಚಿನ್ನ ಬಿಚ್ಚಿಕೊಟ್ಟು ಸಂಸ್ಕಾರ ಮಾಡಿರೆಂದವಳು ಅವರೆಲ್ಲ ಕುಲಗೆಟ್ಟವಳೆಂದಿದ್ದ ಚಂದ್ರಿ. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಸರ್ಕಾರ ಜೈಲಿಗೆ ಹಾಕಿತು. ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಚಿತ್ರ ಅನೀತಿಯೆಂದು ಹೆದರಿದ ದೇಶದಲ್ಲಿ ಈ ಸಾವು ಯಾರ ನೀತಿಗೂ ಅಡ್ಡ ಬರಲಿಲ್ಲ.

ಈಗ ನಮ್ಮ ಊರಿನ ಹತ್ತಿರಕ್ಕೇ ಬರೋಣ. ಪಾಂಡವಪುರ ಹಿಂದೆ ಹಿರೋಡೆಯಾಗಿದ್ದದ್ದು, ಟಿಪ್ಪುವಿನ ಕಾಲದ ಫ್ರೆಂಚ್ ಸಿಪಾಯಿಗಳ ದಂಡಿನಿಂದ ಫ್ರೆಂಚ್ ರಾಕ್ಸ್ ಆದದ್ದು ನಿಮಗೆ ಗೊತ್ತು. ಈಗಿನ ಹೆಸರಿಗೆ ಕಾರಣ ಅಲ್ಲಿನ ಕುಂತಿಬೆಟ್ಟ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂದು ಜನ ನಂಬುತ್ತಾರೆ. ಕುಂತಿ ಯಾರು? ಮದುವೆಗೆ ಮುಂಚೆ ಮಗು ಹೆತ್ತವಳು. ಜನರ ಬಾಯಿಗೆ ಹೆದರಿ ಆ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಯಲ್ಲಿ ತೇಲಿಬಿಟ್ಟವಳು. ಯುದ್ಧದ ಹಿಂದಿನ ದಿನ ಆಕೆ ಕರ್ಣನ ಮುಂದೆ ನಿಂತು 'ನಾನು ನಿನ್ನ ತಾಯಿ' ಎನ್ನುವ ದೃಶ್ಯಕ್ಕೆ ಒಣಗಿದ ಕಣ್ಣನ್ನು ನಾವು ನೋಡಿಲ್ಲ. ಅವಳ ಹೆಸರಿನ ಬೆಟ್ಟ ಹತ್ತುತ್ತೇವೆ, ಅವಳಿಂದ ಬಂದ ಊರಿನ ಹೆಸರನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸುತ್ತೇವೆ. ನಮ್ಮ ಬೀದಿಯಲ್ಲಿ ಒಬ್ಬ ಕುಂತಿ ಇದ್ದರೆ ಅವಳ ಅಂಗಡಿಗೆ ಹೋಗುತ್ತೇವೆಯೇ, ಅವಳ ಮಗನಿಗೆ ಹೆಣ್ಣು ಕೊಡುತ್ತೇವೆಯೇ?

ಕುಂತಿ ಪಾಪ, ಹೆದರಿದರೂ ಮಗು ಬದುಕಲೆಂದು ಪೆಟ್ಟಿಗೆಯಲ್ಲಿ ಮೆತ್ತೆ ಹಾಸಿದಳು. ನಮ್ಮ ಜಿಲ್ಲೆ ಅಷ್ಟನ್ನೂ ಮಾಡಲಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಬಯಲು ಮಾಡಿದ ಸಂಗತಿಯನ್ನು ಇಷ್ಟು ಬೇಗ ಮರೆತಿರೇನು? ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಬಸುರಿಯರನ್ನು ಕರೆತಂದು, ಹೊಟ್ಟೆಯಲ್ಲಿರುವುದು ಹೆಣ್ಣೆಂದು ಗೊತ್ತಾದರೆ ಬೇರೆ ಕಡೆ ಕಳುಹಿಸಿ ತೆಗೆಸುತ್ತಿದ್ದರು. ಬೆಲ್ಲ ಕಾಯಿಸುವ ಜಾಗ! ಎರಡು ಮೂರು ವರ್ಷಗಳಲ್ಲಿ ಸುಮಾರು 900 ಭ್ರೂಣಗಳು ಹೀಗೆ ಹೋದುವೆಂದು ಪೊಲೀಸರೇ ಆಗ ಹೇಳಿದರು. ರಾಜ್ಯವೆಲ್ಲ ಬೆಚ್ಚಿತು, ವಿಚಾರಣೆ ಸಿ.ಐ.ಡಿ.ಗೆ ಹೋಯಿತು. ಆರು ತಿಂಗಳು ಕಳೆಯಲಿಲ್ಲ, 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ, ಇಂಥ ಇನ್ನೊಂದು ಪ್ರಕರಣ ಹೊರಬಿತ್ತು. ಕುಂತಿಬೆಟ್ಟದ ನೆರಳಿನಲ್ಲಿ! ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದೂ ಕೇಳುವುದೂ ಅಪರಾಧವೆಂಬ ಕಾನೂನು 1994ರಿಂದಲೂ ಇದೆ.

ಈ ಕೆಲಸ ಮಾಡಿಸಿದವರು ನಾಟಕ ನೋಡಿ ಕೆಟ್ಟ ಪಡ್ಡೆ ಹುಡುಗರಲ್ಲ. ಗುಟ್ಟಾಗಿ ಸಾವಿರಾರು ರೂಪಾಯಿ ತೆತ್ತು ಯಂತ್ರದ ಮುಂದೆ ನಿಲ್ಲಬಲ್ಲವರು ಯಾರು? ಜಮೀನು ಹೆಣ್ಣಿನ ಪಾಲಾಗಿ ಹೊರಗೆ ಹೋದೀತೆಂದು ಲೆಕ್ಕ ಹಾಕುವವರು, ವರದಕ್ಷಿಣೆಗೆ ಹೆದರುವವರು, ವರದಕ್ಷಿಣೆ ತೆಗೆದುಕೊಂಡವರು. ಊರಿನಲ್ಲಿ ಮರ್ಯಾದಸ್ಥರೆನಿಸಿಕೊಂಡವರು. ಮನೆಯ ಸೊಸೆಯ ಮಾತು ಅಲ್ಲಿ ಎಷ್ಟು ನಡೆಯಿತು? ತನ್ನ ಹೊಟ್ಟೆಯನ್ನು ಪಣಕ್ಕಿಡುವ ಅಧಿಕಾರ ಇವರಿಗೆ ಯಾರು ಕೊಟ್ಟರೆಂದು ಕೇಳಲು ಅವಳಿಗೆ ಸಭೆಯೇ ಇರಲಿಲ್ಲ. ಕಾರಿನಲ್ಲಿ ಕರೆದೊಯ್ದರು, ಕರೆತಂದರು. ಆ ದಾರಿಯಲ್ಲಿ ಕಬ್ಬು ಕಡಿಯುವವರು ನೋಡಿದರು, ಅಂಗಡಿಯವರು ನೋಡಿದರು, ಆಲೆಮನೆಗೆ ಕಟ್ಟಿಗೆ ಹಾಕುವವರು ನೋಡಿದರು. ವಿಕರ್ಣ ಮಾತ್ರ ಹುಟ್ಟಲಿಲ್ಲ. ಹೆಣ್ಣುಮಕ್ಕಳನ್ನು ಈ ರೀತಿ ಕಳೆದುಕೊಂಡ ಊರುಗಳಲ್ಲಿ ಇಂದು ಗಂಡುಮಕ್ಕಳಿಗೆ ಹೆಣ್ಣು ಸಿಕ್ಕುತ್ತಿಲ್ಲವೆಂದು ಗೋಳಾಡುತ್ತಾರೆ, ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟ ಬ್ರಹ್ಮಚಾರಿಗಳನ್ನು ಕಂಡು ಪತ್ರಿಕೆಗಳು ತಮಾಷೆ ಮಾಡುತ್ತವೆ. ಅವರ ದುಃಖ ತಮಾಷೆಯದಲ್ಲ. ಬೆಟ್ಟದ ಮಾದಪ್ಪನ ಮುಂದೆ ಅವರು ಕೇಳಬೇಕಾದ್ದು ಹೆಣ್ಣನ್ನಲ್ಲ, ಹುಟ್ಟದೆ ಹೋದವರ ಲೆಕ್ಕವನ್ನು.

ನೀತಿಬೋಧಕರೇ, ಆಲೆಮನೆಯ ವಿಷಯ ಬಯಲಾದ ವರ್ಷ ನೀವು ಎಷ್ಟು ಸಭೆ ಮಾಡಿದಿರಿ?

ಸತ್ಯ ಹರಿಶ್ಚಂದ್ರನ ನಾಟಕ ನೋಡಿದ ಒಬ್ಬ ಹುಡುಗ ಎಲ್ಲರೂ ಏಕೆ ಹರಿಶ್ಚಂದ್ರನಂತಿರಬಾರದೆಂದು ಹಗಲಿರುಳು ಯೋಚಿಸಿದನಂತೆ. ಆ ಹುಡುಗ ಮುಂದೆ ಮಹಾತ್ಮ ಗಾಂಧಿಯಾದರು. ತಮ್ಮ ಆತ್ಮಕಥೆಯಲ್ಲಿ ಇದನ್ನು ತಾವೇ ಬರೆದಿದ್ದಾರೆ. ನಾಟಕದಿಂದ ಕೆಟ್ಟವರ ಪಟ್ಟಿ ಹಿಡಿದು ಬರುವವರಿಗೆ ಈ ಒಂದು ಹೆಸರು ಸಾಕು. ನಮಗೆ ಮಾತ್ರ ಆ ನಾಟಕ ನೋಡಿದಾಗಲೆಲ್ಲ ಹರಿಶ್ಚಂದ್ರನಿಗಿಂತ ಚಂದ್ರಮತಿಯ ಮೇಲೆ ಕಣ್ಣು. ಅವನ ಸತ್ಯಕ್ಕೆ ಮಾರಾಟವಾದವಳು ಅವಳು, ಮಗನನ್ನು ಕಳೆದುಕೊಂಡವಳು ಅವಳು. ಗಂಡಸಿನ ನೀತಿಯ ಖರ್ಚು ಹೆಂಗಸಿನ ಲೆಕ್ಕಕ್ಕೆ ಬೀಳುವುದು ಪುರಾಣದ ಕಾಲದಿಂದ ಬಂದ ಬಾಕಿ.

ಇನ್ನು ನಮ್ಮ ತಂಡಗಳ ಬಂಧುಗಳಿಗೆ ನಾಲ್ಕು ಮಾತು. ಈ ಸಲ ಪಾತ್ರ ಹಂಚಲು ಕೂತಾಗ ದುಡ್ಡಿನ ಮಾತು ಎತ್ತುವ ಮೊದಲು ಮೇಷ್ಟ್ರಿಂದ ಕಂಠ ಪರೀಕ್ಷೆ ಮಾಡಿಸಿ. ಖರ್ಚನ್ನು ಪಾತ್ರದ ಮೇಲೆ ಹಾಕದೆ ಊರಿನ ವಂತಿಗೆಯ ಮೇಲೆ ಹಾಕಿ. ಜಮೀನಿದ್ದವನು ಹೆಚ್ಚು ಕೊಡಲಿ, ಕೂಲಿಯವನು ಒಂದು ದಿನದ ದುಡಿಮೆ ಕೊಡಲಿ. ಕೇರಿಯವರನ್ನು ಅದೇ ಬೆಂಚಿನ ಮೇಲೆ ಕೂರಿಸಿ. ಬರುವ ಕಲಾವಿದೆಯರ ಸಂಭಾವನೆಯನ್ನು ಪರದೆ ಏಳುವ ಮೊದಲೇ ಪೂರ್ತಿ ಸಲ್ಲಿಸಿ. ಬೆಳಗಾದ ಮೇಲೆ 'ಚಂದಾ ಬರಲಿ, ಕಳಿಸುತ್ತೇವೆ' ಎನ್ನಬೇಡಿ. ಅವರಿಗೆ ಚಿಲಕವಿರುವ ಒಂದು ಕೋಣೆ, ಒಂದು ಬಚ್ಚಲು, ಬಿಸಿ ಊಟ, ಮನೆ ತಲುಪಲು ಒಂದು ಗಾಡಿ ಇರಲಿ. ಅದನ್ನು ಕೇಳಿ ಪಡೆಯುವ ಸ್ಥಿತಿ ಬರಬಾರದು. ಕಟ್ಟೆಯ ಮೇಲೆ ಯಾರಾದರೂ ಅವರ ವಿಷಯ ನಾಲಗೆ ಹರಿಯಬಿಟ್ಟರೆ, ಅವರ ಪಾತ್ರ ಎಷ್ಟೇ ದೊಡ್ಡದಾಗಿರಲಿ, ಆ ಕ್ಷಣವೇ ಕಿರೀಟ ಇಳಿಸಿ.

ಮತ್ತು ಮೇಷ್ಟ್ರಿಗೊಂದು ಬಿನ್ನಹ. ನಿಮ್ಮ ಪ್ರತಿಯಲ್ಲಿ ವಿಕರ್ಣನ ಮಾತು ಬಿಟ್ಟುಹೋಗಿದ್ದರೆ ಬರೆದು ಸೇರಿಸಿ, ಹಾಡೊಂದನ್ನೂ ಕೂಡಿಸಿ. ಆ ಪಾತ್ರಕ್ಕೆ ದುಡ್ಡು ಕೇಳಬೇಡಿ. ಕಾರ್ಖಾನೆಯ ಎರಡನೆಯ ಪಾಳಿಯಲ್ಲಿ ಒಳ್ಳೆಯ ಕಂಠದ ಹುಡುಗರಿದ್ದಾರೆ. ರಾತ್ರಿ ಹತ್ತೂವರೆಗೆ ಬಿಡುವಾಗುತ್ತಾರೆ.